ಸ್ವೀಟಿಯ ಪಥ್ಯ

ನಾಗಲಕ್ಷ್ಮಮ್ಮನವರ ಮನೆಯಲ್ಲಿ ನಾಯಿಯೂ ಸಸ್ಯಾಹಾರಿ. ಹೆಸರು ಸ್ವೀಟಿ. ಬಿಳಿ ಪೊಮೆರೇನಿಯನ್. ಬೆಳಿಗ್ಗೆ ಹಾಲು ಬನ್ನು, ಮಧ್ಯಾಹ್ನ ಮೊಸರನ್ನ, ಏಕಾದಶಿಯ ದಿನ ಅವಲಕ್ಕಿ. ಬಿಟಿಎಂ ಲೇಔಟಿನ ಆ ಬೀದಿಯಲ್ಲಿ ಅದೊಂದು ಹೆಮ್ಮೆಯ ಮಾತು. “ನಮ್ಮ ಸ್ವೀಟಿ ಇವತ್ತಿನವರೆಗೂ ಒಂದು ಮೂಳೆ ಮುಟ್ಟಿಲ್ಲ ಕಣ್ರೀ” ಎಂದು ನಾಗಲಕ್ಷ್ಮಮ್ಮ ಕಾಂಪೌಂಡಿನ ಮೇಲೆ ಮೊಣಕೈ ಊರಿ ಹೇಳುತ್ತಿದ್ದರು. ಕೋಳಿಯಂಗಡಿಯ ಸೈಕಲ್ಲು ಬೀದಿಯಲ್ಲಿ ಹಾದಾಗಲೆಲ್ಲ ಸ್ವೀಟಿ ಗೇಟಿನ ಸಂದಿಯಲ್ಲಿ ಮೂತಿ ತೂರಿಸಿ ಅಳುತ್ತಿತ್ತು. ಅದರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಆ ಮನೆಯ ಹಿಂದೆ ಒಂದು ಔಟ್‌ಹೌಸು. ಒಂದು ಕೋಣೆ, ಮೂಲೆಯಲ್ಲಿ ಅಡುಗೆ ಕಟ್ಟೆ, ಹೊರಗೆ ಬಚ್ಚಲು. ಅಲ್ಲಿ ದುಂಡವ್ವ ಮತ್ತು ಅವಳ ಗಂಡ ಸಂಗಮೇಶ ಬಾಡಿಗೆಗಿದ್ದರು. ಇಬ್ಬರೂ ಸಿಂದಗಿ ಸೀಮೆಯವರು, ಹೊಲಗೇರಿಯವರು. ಬೆಂಗಳೂರಿನಲ್ಲಿ ಜಾತಿ ಇಲ್ಲ ಎಂದು ಊರಲ್ಲಿ ಯಾರೋ ಓದಿದವರು ಹೇಳಿ ಕಳಿಸಿದ್ದರು. ಮನೆ ಹುಡುಕಲು ಹೊರಟ ಮೊದಲ ಭಾನುವಾರವೇ ಅದು ಎಲ್ಲಿದೆ ಎಂದು ಗೊತ್ತಾಯಿತು. ಟು-ಲೆಟ್ ಬೋರ್ಡು ನೇತುಹಾಕಿದ ಪ್ರತಿ ಗೇಟಿನ ಹಿಂದೆಯೂ ನಿಂತು, ಹೆಸರು ಕೇಳುವ ಮೊದಲು “ನೀವು ಯಾವ ಪೈಕಿ?” ಎಂದು ಕೇಳುತ್ತಿತ್ತು.

ನಾಗಲಕ್ಷ್ಮಮ್ಮನವರೂ ಕೇಳಿದರು. ಆದರೆ ಅವರಿಗೆ ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಹೇಳುವ ಅಭ್ಯಾಸ.

“ಬಿಜಾಪುರದ ಕಡೆಯವರಾ? ಹೆಸರು ಸಂಗಮೇಶ ಅಂತಾನಾ? ಓ, ಆ ಕೂಡಲಸಂಗಮದ ದೇವ್ರ ಹೆಸ್ರು! ಹಾಗಾದ್ರೆ ಶರಣರ ಪೈಕಿ, ಗೊತ್ತಾಯ್ತು ಬಿಡಿ. ನೀವು ಈರುಳ್ಳಿ ಬೆಳ್ಳುಳ್ಳಿ ತಿಂತೀರ, ಅದಕ್ಕೇನೂ ಅಡ್ಡಿ ಇಲ್ಲ. ಮೊಟ್ಟೆ ಗಿಟ್ಟೆ ಮಾತ್ರ ಕಾಂಪೌಂಡೊಳಗೆ ಬರಬಾರ್ದು.”

ಸಂಗಮೇಶ ತಲೆಯಾಡಿಸಿದ. ಅದು ಹೌದೋ ಅಲ್ಲವೋ ಎಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. “ನಾವೇನ ಸುಳ್ಳ ಹೇಳಿಲ್ಲ ಬಿಡು” ಎಂದು ಆಮೇಲೆ ಹೆಂಡತಿಗೆ ಸಮಾಧಾನ ಹೇಳಿದ. “ಕೇಳಿದವರೂ ಅವರ, ಹೇಳಿದವರೂ ಅವರ.”

ಒಂದು ಸುಳ್ಳಿಗೆ ನೂರು ಸುಳ್ಳಿನ ಆಸರೆ ಬೇಕು. ಬಂದ ಮೊದಲ ಸೋಮವಾರವೇ ಸಂಗಮೇಶನ ಹಣೆಯ ಮೇಲೆ ಮೂರು ಗೆರೆ ವಿಭೂತಿ ಬಂತು. ಬರಬರುತ್ತ ಅವನು ಮನೆಯೊಡತಿಗಿಂತ ಹೆಚ್ಚು ಮಡಿವಂತನಾದ. ಮನೆಯಲ್ಲಿ ಒಣಮೀನಿನ ಹೆಸರು ಎತ್ತುವಂತಿರಲಿಲ್ಲ. ದುಂಡವ್ವ ಮೊಟ್ಟೆ ಎಂದು ಬಾಯಿ ತೆರೆದರೆ ಕಿಟಕಿ ಮುಚ್ಚುತ್ತಿದ್ದ.

ಹಾಗೆಂದು ಅವನು ಸೊರಗಲಿಲ್ಲ. ಕೊರಿಯರ್ ಆಫೀಸಿನಲ್ಲಿ ಅವನಿಗೆ ಕೆಲಸ. ಭಾನುವಾರ ಬಂದರೆ ಗೆಳೆಯರ ಜೊತೆ ಮಡಿವಾಳದ ಮಿಲಿಟರಿ ಹೋಟೆಲಿಗೆ ಹೋಗಿ ಮಟನ್ ಚಾಪ್ಸು, ಮುದ್ದೆ ಉಂಡು, ವಾಸನೆ ಹೋಗಲೆಂದು ಬೀಡಾ ಹಾಕಿಕೊಂಡು ಬರುತ್ತಿದ್ದ. ಬೆರಳ ಸಂದಿಯ ಮಸಾಲೆ ಮಾತ್ರ ಬೀಡಾಕ್ಕೆ ಜಗ್ಗುತ್ತಿರಲಿಲ್ಲ. ಅವನು ಮಲಗಿದಾಗ ದುಂಡವ್ವ ಆ ಕೈಯನ್ನು ಮೂಸುತ್ತಿದ್ದಳು.

“ನನಗೂ ಒಂದಿಷ್ಟ ಕಟ್ಟಿಸ್ಕೊಂಡ ಬಾ” ಎಂದರೆ, “ಹುಚ್ಚಿ, ವಾಸನಿ ಬಂದ್ರ ಮನಿ ಹೋಗತೈತಿ” ಅನ್ನುವನು. “ನಾನೂ ಬರ್ತೀನಿ ಹೋಟೆಲಿಗೆ” ಎಂದರೆ, “ಹೆಂಗಸರು ಬರೂ ಜಾಗ ಅಲ್ಲ ಅದು” ಅನ್ನುವನು. ಅವನ ಹೊಟ್ಟೆಗೆ ಬೀದಿ ಇತ್ತು. ಅವಳ ಹೊಟ್ಟೆಗೆ ಬರೀ ಈ ಕಾಂಪೌಂಡು.

ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಮಗುವಾಗಿರಲಿಲ್ಲ. ಮಗು ಬೇಕೆಂಬ ಆಸೆ ದುಂಡವ್ವನಿಗೆ ಅಷ್ಟಿಷ್ಟಲ್ಲ. ಅವಳು ಕೆಲಸಕ್ಕೆ ಹೋಗುವ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಹೊಲಿಯುವ ಅಂಗಿಗಳಲ್ಲಿ ಮಕ್ಕಳ ಅಂಗಿ ಬಂದ ದಿನ ಅವಳ ಮಿಷನ್ನು ನಿಧಾನವಾಗುತ್ತಿತ್ತು. ನಾಗಲಕ್ಷ್ಮಮ್ಮನವರು ಇದಕ್ಕೂ ಉತ್ತರ ಹೇಳಿದರು. “ಸೋಮವಾರ ಉಪವಾಸ ಹಿಡೀರಿ. ಶುಕ್ರವಾರ ಒಪ್ಪೊತ್ತು ಮಾಡಿ. ಸಂಕಷ್ಟಿಗೆ ಚಂದ್ರ ನೋಡೋವರೆಗೂ ನೀರೂ ಕುಡೀಬೇಡಿ. ಮಗು ಆಗ್ದೆ ಎಲ್ಲಿಗೆ ಹೋಗುತ್ತೆ?” ದುಂಡವ್ವ ಎಲ್ಲವನ್ನೂ ಹಿಡಿದಳು. ಊರಲ್ಲಿ ಉಣ್ಣಲಿಕ್ಕೆ ಇಲ್ಲದೆ ಇದ್ದ ದಿನಕ್ಕೆ ಉಪವಾಸ ಎಂಬ ಒಳ್ಳೆಯ ಹೆಸರಿದೆ ಎಂದು ಅವಳಿಗೆ ಬೆಂಗಳೂರಿಗೆ ಬಂದ ಮೇಲೇ ತಿಳಿದದ್ದು.

ಮುಟ್ಟಾದರೆ ಹೊಳೆ ಹರಿದಂತೆ ಹರಿಯುತ್ತಿತ್ತು. ಫ್ಯಾಕ್ಟರಿಯಲ್ಲಿ ಬಟ್ಟೆ ಬದಲಿಸಲು ಎದ್ದರೆ ಸೂಪರ್‌ವೈಸರ್ ಗಡಿಯಾರ ನೋಡುತ್ತಿದ್ದ. ಸಿಲ್ಕ್ ಬೋರ್ಡಿನಿಂದ ಫ್ಯಾಕ್ಟರಿಗೆ ನಡೆಯುವಷ್ಟರಲ್ಲಿ ಎದೆ ಡವಗುಟ್ಟುತ್ತಿತ್ತು. ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ. ಉಗುರುಗಳು ಬಿಳಿಚಿ ಒಳಕ್ಕೆ ಬಾಗಿದ್ದವು. ಕೂದಲು ಬಾಚಣಿಗೆಗೇ ಬರುತ್ತಿತ್ತು.

ಆಗ ಶುರುವಾಯಿತು ಸೀಮೆಸುಣ್ಣದ ಚಪಲ. ಬಟ್ಟೆಯ ಮೇಲೆ ಗುರುತು ಹಾಕಲು ಕೊಡುವ ಚಪ್ಪಟೆ ಚಾಕ್‌ಪೀಸು. ಮೊದಲು ಅದರ ವಾಸನೆ ಸೇರಿತು. ಆಮೇಲೆ ತುದಿ ನೆಕ್ಕಿದಳು. ಆಮೇಲೆ ಕಡಿದಳು. ಒಂದು ವಾರಕ್ಕೆ ಕೊಟ್ಟ ಚಾಕ್‌ಪೀಸು ಎರಡು ದಿನಕ್ಕೆ ಮುಗಿಯತೊಡಗಿದಾಗ ಸೂಪರ್‌ವೈಸರ್ ಇಡೀ ಲೈನಿನ ಎದುರಿಗೆ ನಿಲ್ಲಿಸಿ ಕೇಳಿದ. “ಚಾಕ್ ಎಲ್ಲಮ್ಮ? ಮಾರ್ಕೊಳ್ತಿದೀಯಾ?” ದುಂಡವ್ವನ ತುಟಿಯ ಮೇಲಿನ ಬಿಳಿ ಪುಡಿಯೇ ಉತ್ತರ ಕೊಟ್ಟಿತು. ಲೈನು ಗೊಳ್ಳೆಂದು ನಕ್ಕಿತು.

ಪಕ್ಕದ ಮಿಷನ್ನಿನ ಮುನಿಯಕ್ಕ ಮಾತ್ರ ನಗದೆ ಕೈಹಿಡಿದಳು. ಉತ್ತರಹಳ್ಳಿಯವಳು, ಮೂರು ಹೆತ್ತವಳು. “ಏ, ಯಾಕ್ರೋ ನಗ್ತೀರ? ಇದು ಬಯಕೆ ಕಣ್ರೋ! ನಮ್ಮ ದೊಡ್ಡೋನು ಹೊಟ್ಟೇಲಿದ್ದಾಗ ನಾನು ಗೋಡೆ ಮಣ್ಣೇ ತಿಂದಿದೀನಿ. ಈ ತಿಂಗ್ಳು ನೀರು ಹಾಕ್ಕೊಂಡ್ಯಾ ದುಂಡವ್ವ?” ಆ ತಿಂಗಳು ಮುಟ್ಟು ನಾಲ್ಕು ದಿನ ಮುಂದೆ ಹೋಗಿತ್ತು. ದುಂಡವ್ವನ ಕಣ್ಣಲ್ಲಿ ನೀರು ತುಂಬಿತು. ಲೈನಿನಲ್ಲಿ ನಕ್ಕವರೇ ಬೆಲ್ಲ ಹಂಚಿದರು.

ಸಂಗಮೇಶ ಅಂದೇ ಎಸ್‌ಟಿಡಿ ಬೂತಿನಲ್ಲಿ ಸಾಲು ನಿಂತು ಊರ ಕಿರಾಣಿ ಅಂಗಡಿಗೆ ಫೋನು ಮಾಡಿ ಅವ್ವನನ್ನು ಕರೆಸಿದ. ಅವ್ವ ಆ ಕಡೆಯಿಂದ ಕೂಗಿದ್ದು ಬೂತಿನ ಹೊರಗೂ ಕೇಳಿತು. ನಾಗಲಕ್ಷ್ಮಮ್ಮನವರು ಒಂದು ಬಟ್ಟಲು ಪುಳಿಯೋಗರೆ ಕೊಟ್ಟು, “ನೋಡಿದ್ರಾ, ನನ್ನ ಸೋಮವಾರ!” ಎಂದು ಫಲದಲ್ಲಿ ಪಾಲು ಕೇಳಿದರು. ಗರ್ಭಿಣಿಗೆ ಉಪವಾಸ ಬೇಡವೇನೋ ಎಂದು ಅವರಿಗೆ ಹೊಳೆಯಲಿಲ್ಲ. ಹಿಡಿದ ವ್ರತ ಬಿಡಬಾರದು ಎಂದರು.

ಹೆರಿಗೆ ಆಸ್ಪತ್ರೆಯ ಡಾಕ್ಟರ್ ಶಾಂತಲಾ ದುಂಡವ್ವನ ಕೆಳರೆಪ್ಪೆ ಎಳೆದು ನೋಡಿ, ನಾಲಿಗೆ ನೋಡಿ, ರಕ್ತ ಮೂತ್ರಕ್ಕೆ ಬರೆದರು. ರಿಪೋರ್ಟು ಬಂದ ಮೇಲೆ ಮುಚ್ಚುಮರೆ ಇಲ್ಲದೆ ಹೇಳಿದರು.

“ಹೊಟ್ಟೇಲಿ ಮಗೂನೂ ಇಲ್ಲ, ಮೈಯಲ್ಲಿ ರಕ್ತಾನೂ ಇಲ್ಲ. ಹನ್ನೆರಡು ಇರ್ಬೇಕಾದದ್ದು ಆರೂವರೆ ಇದೆ. ಅದಕ್ಕೇ ಕಣಮ್ಮ ಚಾಕ್ ತಿನ್ನೋ ಚಪಲ. ಬಯಕೆ ಅಂತೆ ಬಯಕೆ! ಕಬ್ಬಿಣದಂಶ ಇಲ್ಲ ಅಂದ್ರೆ ಮಣ್ಣು, ಸುಣ್ಣ, ಹಸಿ ಅಕ್ಕಿ ಎಲ್ಲಾ ತಿನ್ನಬೇಕು ಅನ್ಸುತ್ತೆ.”

ದುಂಡವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಇದ್ದದ್ದು ಹೋದರೆ ಅಳಬಹುದು. ಇಲ್ಲದ್ದು ಹೋದರೆ ಏನೆಂದು ಅಳುವುದು?

“ಮಕ್ಕಳಾಗಲ್ಲ ಅಂತ ನಾನು ಹೇಳ್ತಿಲ್ಲ. ಮೊದ್ಲು ರಕ್ತ ಆಗ್ಲಿ. ಈಗ ಬಸುರಿ ಆದ್ರೆ ನಿನ್ನ ಜೀವಕ್ಕೇ ಕುತ್ತು. ಮಾತ್ರೆ ಬರೀತೀನಿ. ಉಪವಾಸ ಗಿಪವಾಸ ಎಲ್ಲಾ ಇವತ್ತಿಗೆ ಬಂದ್. ಮಾಂಸ ತಿಂತೀರಾ? ಕುರಿ ಲಿವರ್ ತಂದು ತಿನ್ನು.”

ವಿಭೂತಿಯ ಸಂಗಮೇಶ ಮುಂದೆ ಬಾಗಿ, “ಇಲ್ರಿ ಡಾಕ್ಟರ್ ಬಾಯಾರ, ನಾವು ಅದನ್ನೆಲ್ಲ ಬಿಟ್ಟೇವ್ರಿ” ಅಂದ.

“ನಿನ್ನ ಕೇಳ್ಲಿಲ್ಲ.”

“ತಿಂತೀನ್ರಿ” ಅಂದಳು ದುಂಡವ್ವ.

ಅಂದಳು ನಿಜ. ತಿನ್ನುವುದೆಲ್ಲಿ? ದೇವರು ವರ ಕೊಟ್ಟರೂ ಪೂಜಾರಿ ಕೊಡ. ಇಲ್ಲಿ ಪೂಜಾರಿಗಳು ಇಬ್ಬರು. ಒಬ್ಬರು ಮುಂದಿನ ಮನೆಯಲ್ಲಿ, ಇನ್ನೊಬ್ಬ ಮಗ್ಗುಲಲ್ಲಿ. ಊರಿಗೆ ಸುದ್ದಿ ತಲುಪಿ, “ಸುಣ್ಣ ತಿಂದು ಬಸುರಾಗ್ಯಾಳಂತ” ಎಂದು ಕೇರಿಯೆಲ್ಲ ನಗಾಡಿತು. ಅತ್ತೆ ಫೋನಿನಲ್ಲಿ ಮಗನಿಗೆ ಹೇಳಿದ್ದನ್ನು ಅವನು ಹೆಂಡತಿಗೆ ಹಾಗೆಯೇ ತಂದು ಒಪ್ಪಿಸಿದ. “ಉಗಾದಿ ತನ ನೋಡ್ತಾಳಂತ. ಆಮ್ಯಾಲ ನಮ್ಮ ಮಾವನ ಮಗಳನ್ನ ಕೇಳ್ತಾಳಂತ. ನಾ ಏನೂ ಅಂದಿಲ್ಲ.” ಏನೂ ಅನ್ನದೆ ಇರುವುದರಲ್ಲಿ ಸಂಗಮೇಶ ನಿಸ್ಸೀಮ.

ಕಪ್ಪು ಮಾತ್ರೆ ನುಂಗಿದರೆ ದುಂಡವ್ವನಿಗೆ ವಾಂತಿ. ಬಚ್ಚಲಲ್ಲಿ ಓಕರಿಸುವ ಸದ್ದು ಕೇಳಿದಾಗಲೆಲ್ಲ ನಾಗಲಕ್ಷ್ಮಮ್ಮ ಹಿಂದಿನ ಕಿಟಕಿ ತೆರೆದು, “ಏನಾದ್ರೂ ವಿಶೇಷಾನಾ?” ಎಂದು ಕೇಳುವರು. ವಿಶೇಷ ಏನೂ ಇರಲಿಲ್ಲ. ಒಂದು ಸಂಜೆ ದುಂಡವ್ವ ಫ್ಯಾಕ್ಟರಿಯ ದಾರಿಯಲ್ಲಿ ಎರಡು ಮೊಟ್ಟೆ ಕೊಂಡು, ಊಟದ ಡಬ್ಬಿಯೊಳಗೆ ಚಿಂದಿ ಬಟ್ಟೆ ಸುತ್ತಿ ತಂದಳು. ಅನ್ನದ ಪಾತ್ರೆಯೊಳಗೇ ಬೇಯಿಸಿದಳು. ಬಾಗಿಲು ಹಾಕಿ, ಕತ್ತಲಲ್ಲಿ ಕಳ್ಳಿಯ ಹಾಗೆ ನುಂಗಿದಳು. ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಹೊಡೆದು, ಬೆಳಿಗ್ಗೆ ಬಸ್‌ಸ್ಟಾಪಿನ ತೊಟ್ಟಿಗೆ ಎಸೆಯೋಣವೆಂದು ಬಾಗಿಲ ಬಳಿ ಇಟ್ಟಳು.

ಸ್ವೀಟಿಗೆ ಅಷ್ಟು ಸಾಕಾಯಿತು. ಆರು ವರ್ಷದ ಮೊಸರನ್ನದ ಸೇಡು ಅದರ ಹಲ್ಲಿನಲ್ಲಿತ್ತು. ಬೆಳಗಿನ ಪೂಜೆಯ ಹೊತ್ತಿಗೆ ಕವರು ಹರಿದು, ಸಿಪ್ಪೆ ಕಚ್ಚಿಕೊಂಡು, ನೇರವಾಗಿ ದೇವರಮನೆಯ ಹೊಸ್ತಿಲಿಗೆ ಹೋಗಿ ಕರಕರ ಅಗಿಯುತ್ತ ಕೂತಿತು. ನಾಗಲಕ್ಷ್ಮಮ್ಮ ಕೂಗಿಕೊಂಡದ್ದು ಕೇಳಿ ಪಕ್ಕದ ಬೀದಿಯವರು ಯಾರೋ ಹೋಗಿಬಿಟ್ಟರು ಎಂದುಕೊಂಡರು.

ಅವತ್ತೆಲ್ಲ ಸಂಗಮೇಶ ಟ್ರಂಕು ಕಟ್ಟುತ್ತ, ಬಿಚ್ಚುತ್ತ, ಹೆಂಡತಿಯನ್ನು ಬೈಯುತ್ತ ಕಳೆದ. ಆದರೆ ಮನೆ ಖಾಲಿ ಮಾಡಿ ಎಂಬ ಮಾತು ಬರಲಿಲ್ಲ. ಮಾರನೆಯ ಬೆಳಿಗ್ಗೆ ನಾಗಲಕ್ಷ್ಮಮ್ಮನವರೇ ಹಿತ್ತಲಿಗೆ ಬಂದರು. ಹಿಂದೆ ಅವರ ಯಜಮಾನರು ಗಂಗಯ್ಯ, ಸರ್ಕಾರಿ ಆಫೀಸಿನಿಂದ ರಿಟೈರಾದವರು. ಅವರ ಕೈಯಲ್ಲಿ ಸ್ವೀಟಿ. ನಿನ್ನೆಯ ತನಕ ‘ನೀವು’ ಆಗಿದ್ದ ದುಂಡವ್ವ ಇವತ್ತು ‘ನೀನು’ ಆಗಿದ್ದಳು.

“ನೀವು ಏನು ಅಂತ ನಂಗೆ ಗೊತ್ತಾಯ್ತು. ಯಾರಿಗೂ ಹೇಳಲ್ಲ, ಹೇಳಿದ್ರೆ ಬೀದೀಲಿ ನಮ್ಮ ಮರ್ಯಾದೆನೇ ಹೋಗೋದು. ನಿಮ್ಮನ್ನ ಓಡ್ಸೋದೂ ಇಲ್ಲ. ಆದ್ರೆ ನೀನೊಂದು ಕೆಲ್ಸ ಮಾಡ್ಕೊಡ್ಬೇಕು.”

ಉಣ್ಣೆ ಹುಳು ಕಚ್ಚಿ ಸ್ವೀಟಿಗೆ ಜ್ವರ ಬಂದಿತ್ತು. ನಾಯಿ ಡಾಕ್ಟರು ರಕ್ತ ಪರೀಕ್ಷೆ ಮಾಡಿ, ರಕ್ತ ತೀರಾ ಕಮ್ಮಿ, ದಿನಾ ಲಿವರ್ ಬೇಯಿಸಿ ಹಾಕದಿದ್ದರೆ ನಾಯಿ ಉಳಿಯುವುದೇ ಕಷ್ಟ, ಇನ್ನು ಮರಿ ಮಾಡಿಸುವ ಆಸೆಯನ್ನಂತೂ ಬಿಡಿ ಎಂದಿದ್ದರು. ಜೆ.ಪಿ. ನಗರದ ಯಾರದೋ ಮನೆಯ ಗಂಡು ಪೊಮೆರೇನಿಯನ್ ಜೊತೆ ಸ್ವೀಟಿಯ ಸಂಬಂಧ ಆಗಲೇ ಮಾತಾಗಿತ್ತು.

“ನಾವು ಅದನ್ನ ಮುಟ್ಟೋ ಹಾಗಿಲ್ಲ, ನೋಡೋ ಹಾಗಿಲ್ಲ. ನಿಂಗಾದ್ರೆ ಅಭ್ಯಾಸ. ದಿನಾ ಬೆಳಿಗ್ಗೆ ಮಡಿವಾಳ ಮಾರ್ಕೆಟ್‌ನಿಂದ ತಂದು, ಹಿತ್ತಲಲ್ಲೇ ಸೀಮೆಎಣ್ಣೆ ಸ್ಟವ್ ಮೇಲೆ ಬೇಯ್ಸು. ಉಪ್ಪು ಖಾರ ಏನೂ ಹಾಕ್ಬೇಡ. ನಿನ್ನ ಪಾತ್ರೆನೂ ಬೇಡ, ಸ್ವೀಟಿಗೆ ಬೇರೆ ಪಾತ್ರೆ ಇದೆ.”

ದುಂಡವ್ವ ಆಸೆಯಿಂದ ಕೇಳಿದಳು. “ಅಮ್ಮಾರ, ನನಗೂ ಡಾಕ್ಟರ್ ಬಾಯಾರು ಅದನ್ನ ತಿನ್ನಂದಾರ್ರಿ. ನನಗೂ ರಕ್ತ ಇಲ್ರಿ. ನಾನೂ ಇಲ್ಲೇ ಹೊರಗ ಒಂದಿಷ್ಟ ಬೇಯಿಸ್ಕೊಂಡು...”

“ಛೀ ಛೀ! ಅದು ನಾಯಿ ಕಣೇ. ಮೂಕಪ್ರಾಣಿ, ಅದಕ್ಕೆ ಪಾಪ ತಟ್ಟಲ್ಲ. ಮನುಷ್ಯರು ತಿಂದ್ರೆ ಮನೆಗೇ ಮೈಲಿಗೆ.”

ಗಂಗಯ್ಯನವರು ಕನ್ನಡಕ ಸರಿಮಾಡಿಕೊಂಡು ಶಾಸ್ತ್ರಾರ್ಥ ಹೇಳಿದರು. “ಸ್ವೀಟಿಗೆ ಅದು ಔಷಧಿ ಕಣಮ್ಮ. ನೀನು ತಿಂದ್ರೆ ಅದು ಊಟ ಆಗ್ಬಿಡುತ್ತೆ. ವ್ಯತ್ಯಾಸ ಇದೆ.”

ಸಂಗಮೇಶ ಎರಡೂ ಕೈ ಮುಗಿದ. ಅವರು ಹೋದ ಮೇಲೆ, “ದೊಡ್ಡ ಮನಸಿನ ತಾಯಿ” ಅಂದ.

ಅಂದಿನಿಂದ ದುಂಡವ್ವನಿಗೆ ಎರಡು ಪಾಳಿ. ಬೆಳಕು ಹರಿಯುವ ಮೊದಲು ಎದ್ದು ಮಡಿವಾಳಕ್ಕೆ ನಡೆಯಬೇಕು. ಹಂಚಿಕಡ್ಡಿಯಷ್ಟೂ ಬಲವಿಲ್ಲದ ಕಾಲು. ಮಾಂಸದಂಗಡಿಯವನು ಎಲೆಯಲ್ಲಿ ಕಟ್ಟಿಕೊಡುವ ಕೆಂಪು ಲಿವರ್ ಅಂಗೈಯಲ್ಲಿ ಬೆಚ್ಚಗೆ ಮಿದುವಾಗಿ ಕೂರುತ್ತಿತ್ತು. ದಾರಿಯಲ್ಲಿ ಮೂರು ಕಡೆ ಕೂತು ಉಸಿರು ತೆಗೆದುಕೊಳ್ಳಬೇಕು. ಬಂದು ತೊಳೆಯಬೇಕು, ಹೆಚ್ಚಬೇಕು, ಸ್ಟವ್ವಿಗೆ ಗಾಳಿ ಹೊಡೆಯಬೇಕು. ಗಾಳಿ ಹೊಡೆದರೆ ಕಣ್ಣು ಕತ್ತಲಿಟ್ಟು ಗೋಡೆ ಹಿಡಿಯಬೇಕು. ಅದು ಬೇಯುವ ತನಕ ನಾಗಲಕ್ಷ್ಮಮ್ಮ ಮೂಗಿಗೆ ಸೆರಗು ಹಿಡಿದು ಕಿಟಕಿಯಲ್ಲಿ ನಿಂತು ಕಾಯುತ್ತಿದ್ದರು. ನೋಡಬಾರದ್ದನ್ನು ಅಷ್ಟು ಕಣ್ಣಿಟ್ಟು ನೋಡಿದವರನ್ನು ದುಂಡವ್ವ ಬೇರೆ ಕಂಡಿರಲಿಲ್ಲ. ಕೊನೆಗೆ ಗಂಗಯ್ಯನವರು ಬಂದು ಗೋಮೂತ್ರ ಚಿಮುಕಿಸುವರು. ಸ್ಟವ್ವಿನ ಮೇಲೆ, ಕಲ್ಲಿನ ಮೇಲೆ, ಒಮ್ಮೊಮ್ಮೆ ಕೈ ತಪ್ಪಿ ದುಂಡವ್ವನ ಮೇಲೆ. ಸ್ವೀಟಿಯ ಮೇಲೆ ಚಿಮುಕಿಸುತ್ತಿರಲಿಲ್ಲ. ಅದಕ್ಕೆ ಶೀತ ಆಗುತ್ತಿತ್ತು.

ಒಂದು ದಿನ ತಡೆಯಲಾಗಲಿಲ್ಲ. ಬೆಂದ ತುಂಡೊಂದು ಸೌಟಿನಿಂದ ಜಾರಿ ಕೈಗೆ ಬಿತ್ತು. ಕೈ ಬಾಯಿಗೆ ಹೋಯಿತು. ಅದು ಅವಳು ಮಾಡಿದ್ದಲ್ಲ, ಮೈ ಮಾಡಿದ್ದು.

ಕಿಟಕಿಯಿಂದ ಧ್ವನಿ ಬಂತು. “ದುಂಡವ್ವ, ಬಾಯಿ ತೆಗಿ.”

ಅವಳು ಕದಲಲಿಲ್ಲ.

“ತೆಗಿ ಅಂದ್ನಲ್ಲ. ಆ ಅನ್ನು.”

ದುಂಡವ್ವ ಬಾಯಿ ತೆರೆದಳು. ಇಪ್ಪತ್ತಾರು ವರ್ಷದ ಹೆಂಗಸು, ದಿನಕ್ಕೆ ನೂರಾರು ಕಾಲರು ಹೊಲಿಯುವ ಹೆಂಗಸು, ಹಿತ್ತಲಲ್ಲಿ ಆಕಾಶಕ್ಕೆ ಮುಖ ಮಾಡಿ ಬಾಯಿ ತೆರೆದು ನಿಂತಳು.

“ಉಗಿ.”

ಉಗಿದಳು. ಸ್ವೀಟಿ ಓಡಿಬಂದು ಅದನ್ನೂ ತಿಂದಿತು. “ಗುಡ್ ಗರ್ಲ್” ಎಂದರು ನಾಗಲಕ್ಷ್ಮಮ್ಮ. ನಾಯಿಗೆ.

ಅವತ್ತು ಫ್ಯಾಕ್ಟರಿಯಲ್ಲಿ ಮುನಿಯಕ್ಕನಿಗೆ ಇದನ್ನು ಹೇಳುವಾಗ ದುಂಡವ್ವ ಅಳಲಿಲ್ಲ. ಮುನಿಯಕ್ಕನೇ ಹಲ್ಲು ಕಡಿದಳು. “ನೀನ್ಯಾಕೆ ತೆಗ್ದೆ ಬಾಯಿ? ತೆಗ್ದ ಮೇಲೆ ಏನಾದ್ರೂ ಅನ್ನೋಕಾದ್ರೂ ಆಗ್ತಿರ್ಲಿಲ್ವಾ?” ಆ ಪ್ರಶ್ನೆ ದುಂಡವ್ವನ ಹಿಂದೆ ಬಸ್ಸು ಹತ್ತಿ ಮನೆಯ ತನಕ ಬಂತು.

ಎರಡು ತಿಂಗಳಲ್ಲಿ ಸ್ವೀಟಿ ಮೈತುಂಬಿಕೊಂಡಿತು. ಕೂದಲು ಮಿರಮಿರ ಮಿಂಚಿತು. ಗಂಗಯ್ಯನವರು ಅದನ್ನು ಮಾರುತಿ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಜೆ.ಪಿ. ನಗರಕ್ಕೆ ಕರೆದೊಯ್ದರು. ಒಂದು ತಿಂಗಳ ಮೇಲೆ ನಾಯಿ ಡಾಕ್ಟರು ಅದರ ಹೊಟ್ಟೆ ಮುಟ್ಟಿ ನೋಡಿ ಶುಭ ಸಮಾಚಾರ ಹೇಳಿದರು. ಅದೇ ವಾರ ದುಂಡವ್ವನೂ ಆಸ್ಪತ್ರೆಗೆ ಹೋಗಿದ್ದಳು. ಡಾಕ್ಟರ್ ಶಾಂತಲಾ ರಿಪೋರ್ಟು ನೋಡಿ ತಲೆ ಚಚ್ಚಿಕೊಂಡರು. “ಆರೂವರೆ ಇದ್ದದ್ದು ಆರಕ್ಕೆ ಬಂದಿದೆ. ಮಾತ್ರೆ ವಾಂತಿ ಆದ್ರೆ ಬಂದು ಹೇಳೋಕೇನು ಕಷ್ಟ? ಬೇರೆ ಬರ್ಕೊಡ್ತಿದ್ದೆ. ಲಿವರ್ ತಿನ್ನು ಅಂದಿದ್ನಲ್ಲ, ಏನ್ಮಾಡ್ದೆ?”

“ದಿನಾ ಬೇಯಿಸಾಕತ್ತೀನ್ರಿ” ಅಂದಳು ದುಂಡವ್ವ. ಅದು ಸುಳ್ಳಲ್ಲ.

ಆ ಭಾನುವಾರ ನಾಗಲಕ್ಷ್ಮಮ್ಮನವರು ಬೀದಿಯ ಹೆಂಗಸರನ್ನೆಲ್ಲ ಕಾಫಿಗೆ ಕರೆದಿದ್ದರು. ಸ್ವೀಟಿ ತಾಯಾಗುವ ಸಂತೋಷಕ್ಕೆ ಪೇಢಾ ಬಂದಿತ್ತು. ನಾಯಿಯ ಕತ್ತಿಗೆ ಕೆಂಪು ರಿಬ್ಬನ್ನು, ಹಣೆಗೆ ಕುಂಕುಮ. ಬೆಳಿಗ್ಗೆಯೇ ಅವರು ಹಿತ್ತಲಿಗೆ ಬಂದು, ಇರಬೇಕಾದ್ದಕ್ಕಿಂತ ನಾಲ್ಕು ಹೆಜ್ಜೆ ದೂರ ನಿಂತು ಹೇಳಿದರು.

“ದುಂಡವ್ವ, ತಪ್ಪು ತಿಳ್ಕೋಬೇಡ. ಅದು ಹೆರೋವರೆಗೂ ನೀನು ಅದರ ಮುಂದೆ ಬರಬೇಡ. ಬೇಯ್ಸಿ ಇಟ್ಟು ಒಳಗೆ ಹೋಗ್ಬಿಡು, ನಾನೇ ಆಮೇಲೆ ಬಿಡ್ತೀನಿ. ಮಕ್ಕಳಿಲ್ದೋರ ಕಣ್ಣು ಬಸುರಿ ಮೇಲೆ ಬೀಳಬಾರ್ದು ಅಂತಾರೆ. ನಂಗೇನೂ ನಂಬಿಕೆ ಇಲ್ಲಪ್ಪ. ಆದ್ರೂ ಯಾಕೆ ಸುಮ್ನೆ?”

ದುಂಡವ್ವ ಅವರನ್ನು ನೋಡಿದಳು. 

ಅಳು ಬರುತ್ತದೆಂದು ಕಾದಳು. ಬರಲಿಲ್ಲ. ಸಿಟ್ಟು ಬಂತು. ಆರು ಪಾಯಿಂಟು ರಕ್ತದ ಮೈಯಲ್ಲಿ ಅಷ್ಟು ಸಿಟ್ಟು ಎಲ್ಲಿತ್ತೋ, ಕಿವಿಯ ತನಕ ಬಿಸಿಯಾಯಿತು.

“ಆತ್ರಿ ಅಮ್ಮಾರ” ಅಂದಳು.

ಮಡಿವಾಳಕ್ಕೆ ಹೋದಳು. ಸ್ವೀಟಿಯದು ಕಟ್ಟಿಸಿದಳು. “ಇನ್ನೊಂದ ಕಟ್ಟಣ್ಣ, ಅರ್ಧ ಕೇಜಿ. ಇದು ನನಗ” ಎಂದು ತನ್ನ ಸಂಬಳದ ದುಡ್ಡು ಕೊಟ್ಟಳು. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ, ಕಾಳುಮೆಣಸು ತಂದಳು. ಮೊದಲು ಸ್ವೀಟಿಯದನ್ನು ಎಂದಿನಂತೆ ಉಪ್ಪಿಲ್ಲದೆ ಬೇಯಿಸಿ ಅದರ ಪಾತ್ರೆಗೆ ಹಾಕಿ ಮುಚ್ಚಿಟ್ಟಳು. ಆಮೇಲೆ ತನ್ನ ಬಾಣಲೆಯನ್ನು ಒಳಗಿನಿಂದ ತಂದು ಹಿತ್ತಲ ಸ್ಟವ್ವಿನ ಮೇಲೆ ಇಟ್ಟಳು. ಎಣ್ಣೆ ಕಾಯಿತು. ಈರುಳ್ಳಿ ಕೆಂಪಾಯಿತು. ಬೆಳ್ಳುಳ್ಳಿ ಬಿದ್ದಾಗ ಚೊಂಯ್ ಎಂದ ಸದ್ದು ನಡುಮನೆಯ ತನಕ ಕೇಳಿತು. ಲಿವರ್ ಬಿತ್ತು. ಮೇಲೆ ಕುಟ್ಟಿದ ಮೆಣಸು.

ಆ ಘಮಕ್ಕೆ ಕಾಂಪೌಂಡಿನ ಕಾನೂನು ಗೊತ್ತಿರಲಿಲ್ಲ. ಅದು ಕಿಟಕಿಯಿಂದ ಅಡುಗೆಮನೆಗೆ ನುಗ್ಗಿ, ದೇವರಮನೆ ಹಾದು, ಪೇಢಾ ತಿನ್ನುತ್ತಿದ್ದ ಹೆಂಗಸರ ಮಧ್ಯೆ ಹೋಗಿ ಕೂತಿತು. ಮಾತು ನಿಂತಿತು. ಒಬ್ಬಾಕೆ ಎರಡನೇ ಸಲ ಉಸಿರೆಳೆದುಕೊಂಡು, “ಯಾರ ಮನೇಲ್ರೀ? ಮೆಣಸು ಚೆನ್ನಾಗಿ ಬಿದ್ದಿದೆ” ಎಂದುಬಿಟ್ಟಳು. ಆಮೇಲೆ ಮುಖ ಕೆಂಪು ಮಾಡಿಕೊಂಡು ಮೂಗು ಮುಚ್ಚಿಕೊಂಡಳು.

ನಾಗಲಕ್ಷ್ಮಮ್ಮ ಹಿತ್ತಲಿಗೆ ಓಡಿಬಂದರು. ಹಿಂದೆ ಗಂಗಯ್ಯ, ಹಿಂದೆ ಅರ್ಧ ಬೀದಿ. ದುಂಡವ್ವ ಬಚ್ಚಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಊಟ ಮಾಡುತ್ತಿದ್ದಳು. ತಾಟಿನಲ್ಲಿ ಜೋಳದ ರೊಟ್ಟಿ, ಮೇಲೆ ರಾಶಿ ಲಿವರ್. ಒಂದು ಬದಿಗೆ ನಿಂಬೆಹಣ್ಣಿನ ಹೋಳು.

“ಏನೇ ಇದು! ಏನಿದು! ಸ್ವೀಟಿದನ್ನ ತಿಂತಿದೀಯಾ?”

“ಇಲ್ರಿ. ಸ್ವೀಟಿದು ಅಲ್ಲಿ ಮುಚ್ಚಿಟ್ಟೀನಿ, ಸಪ್ಪಂದು. ಇದು ನಂದು. ನನ್ನ ರೊಕ್ಕದ್ದು.”

“ನಿನ್ನ ಕಣ್ಣು... ಬೆಳಿಗ್ಗೆ ತಾನೇ ಹೇಳಿದೀನಿ...”

“ನನ್ನ ಕಣ್ಣು ನಿಮ್ಮ ನಾಯಿ ಮ್ಯಾಲ ಇಲ್ರಿ ಅಮ್ಮಾರ. ನನ್ನ ತಾಟಿನ ಮ್ಯಾಲ ಐತಿ. ನಿಮ್ಮ ಕಣ್ಣ ನನ್ನ ತಾಟಿನ ಮ್ಯಾಲ ಐತಿ, ಅದನ್ನ ಅತ್ಲಾಗ ತಿರುಗಿಸ್ಕೋರಿ.”

ಗಂಗಯ್ಯನವರು “ಸ್ವಲ್ಪ ಮರ್ಯಾದೆ...” ಎಂದು ಶುರುಮಾಡಿದರು. ದುಂಡವ್ವ ರೊಟ್ಟಿ ಮುರಿದು, ತುಂಡು ಸುತ್ತಿ ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿ ಆಮೇಲೆ ಮಾತಾಡಿದಳು.

“ನಾಯಿಗೆ ರಕ್ತ ಬೇಕು, ಹೊಲ್ಯಾರ ಹೆಣ್ಣಿಗೆ ಬ್ಯಾಡೇನ್ರಿ? ಹೂಂನ್ರಿ, ನಾವು ಹೊಲ್ಯಾರು. ಅಂದು ಗೇಟಿನ್ಯಾಗ ನೀವು ಕೇಳಿದ್ದಕ್ಕ ಇವತ್ತ ಹೇಳಾಕತ್ತೀನಿ. ನಾಯಿ ತಿಂದ್ರ ಔಷಧಿ, ನಾ ತಿಂದ್ರ ಮೈಲಿಗಿ. ನಿಮ್ಮ ದೇವರಿಗೆ ನಾಯಿಕಿಂತ ನಾ ಕಡಿಮಿ ಆದ್ನೇನ್ರಿ?”

“ಮನೆ ಖಾಲಿ ಮಾಡಿ! ಇವತ್ತೇ ಖಾಲಿ ಮಾಡಿ!”

“ಮಾಡ್ತೀವ್ರಿ. ಉಂಡ ಮ್ಯಾಲ.”

ಅದೇ ಹೊತ್ತಿಗೆ ಗೇಟು ಸದ್ದಾಯಿತು. ಭಾನುವಾರದ ಊಟ ಮುಗಿಸಿ ಬೀಡಾ ಜಗಿಯುತ್ತ ಸಂಗಮೇಶ ಬಂದ. ಗುಂಪು ನೋಡಿದ, ಹೆಂಡತಿಯನ್ನು ನೋಡಿದ, ತಾಟು ನೋಡಿದ. ಕೈಗಳು ತಾವಾಗಿಯೇ ಕೂಡಿಕೊಂಡವು. “ತಪ್ಪಾತ್ರಿ ಅಮ್ಮಾರ. ಆಕಿಗೆ ತಲಿ ಸರಿ ಇಲ್ರಿ. ನಾವು ಅಂಥವರಲ್ರಿ, ನಾ ಮುಟ್ಟಂಗಿಲ್ರಿ ಇದನ್ನೆಲ್ಲ...”

ದುಂಡವ್ವ ತಲೆಯೆತ್ತಿದಳು.

“ಅವನ ಬಾಯಿ ತೆಗಿಸಿ ನೋಡ್ರಿ ಅಮ್ಮಾರ. ನನ್ನ ಬಾಯಿ ತೆಗಿಸಿದ್ರಲ್ಲ. ಅವಂದೂ ತೆಗಿಸ್ರಿ.”

ಎಲ್ಲರ ಕಣ್ಣೂ ಸಂಗಮೇಶನ ಬಾಯಿಗೆ ಹೋದವು. ಅವನು ಬೀಡಾ ಜಗಿಯುವುದನ್ನು ನಿಲ್ಲಿಸಿದ. ತುಟಿ ಬಿಗಿಯಾಗಿ ಮುಚ್ಚಿತು. ಕೆಂಪು ರಸ ಗಲ್ಲದ ಮೇಲೆ ಇಳಿಯಿತು, ಒರೆಸಿಕೊಳ್ಳಲೂ ಧೈರ್ಯ ಬರಲಿಲ್ಲ. ನಾಗಲಕ್ಷ್ಮಮ್ಮನವರು ಸೆರಗು ಎಳೆದುಕೊಂಡು ಹಿಂದೆ ಸರಿದರು. ಹೆಂಗಸರು ಒಬ್ಬೊಬ್ಬರೇ ಕರಗಿದರು. ಹಿಂದಿನ ಬಾಗಿಲು ದಢಾರನೆ ಮುಚ್ಚಿತು, ಆಮೇಲೆ ಕಿಟಕಿಯೂ ಮುಚ್ಚಿತು. ಒಳಗಿನಿಂದ ಸ್ವೀಟಿ ಬಾಗಿಲು ಕೆರೆಯುವ ಸದ್ದು ಸ್ವಲ್ಪ ಹೊತ್ತು ಕೇಳಿತು.

ಸಂಗಮೇಶ ಮೆಟ್ಟಿಲ ಕೆಳಗೆ ಕುಸಿದು ಕೂತ. “ಎಲ್ಲಾ ಹಾಳ ಮಾಡಿದಿ. ಇನ್ನ ಎಲ್ಲಿಗೆ ಹೋಗೂದು? ಅವ್ವಗ ಏನ ಹೇಳೂದು?”

ದುಂಡವ್ವ ನಿಂಬೆಹಣ್ಣು ಹಿಂಡಿಕೊಂಡಳು.

ಅವನು ಬಹಳ ಹೊತ್ತು ಗೊಣಗಿದ. ಆಮೇಲೆ ಬಾಣಲೆಯ ಕಡೆ ನೋಡಿದ, ಅದು ಖಾಲಿಯಾಗಿತ್ತು. ಮೂಗು ಒಮ್ಮೆ ಅರಳಿತು. ಹೋಟೆಲಿನಲ್ಲಿ ಎಷ್ಟೇ ಉಂಡಿರಲಿ, ಊರಿನಲ್ಲಿ ಕುರಿ ಕಡಿದ ದಿನ ಲಿವರ್ ಗಂಡಸರದು, ಹೆಂಗಸರಿಗೆ ಸಾರು ಮತ್ತು ಎಲುಬು. ಅವನ ಅಪ್ಪ ಹಾಗೆ ಉಂಡಿದ್ದ, ಅಜ್ಜ ಹಾಗೆ ಉಂಡಿದ್ದ. ಅವನು ಈಗ ಕೇಳಿದ್ದರಲ್ಲೂ ಕೆಟ್ಟ ಉದ್ದೇಶವೇನೂ ಇರಲಿಲ್ಲ, ರೂಢಿ ಅಷ್ಟೆ.

“ನನಗೊಂದೆರಡ ತುಂಡ ಇಟ್ಟೀ ಏನ?”

“ಇಲ್ಲ” ಅಂದಳು ದುಂಡವ್ವ.

ಇತ್ತು. ತಾಟಿನಲ್ಲಿ ಇನ್ನೂ ಮೂರು ತುಂಡು ಇದ್ದವು. ಅವನಿಗೂ ಕಾಣುತ್ತಿತ್ತು. ಅವನು ನೋಡುತ್ತಿದ್ದಂತೆಯೇ ಅವಳು ಅವನ್ನು ಒಂದೊಂದಾಗಿ ತಿಂದಳು.